ವಿರೂಪಮ್ಮನ ಪಿ.ಪಿ. ನಂಬರು

ಮುಖದ ಮುಂದೆ ಹಿಡಿಯಬೇಕು, ಕಿವಿಗೆ ಒತ್ತಬಾರದು ಎಂದು ಹುಲುಗೇಶ ಹೇಳಿ ಹೇಳಿಯೇ ಕೊಟ್ಟಿದ್ದ. ವಿರೂಪಮ್ಮ ಹೂಂ ಹೂಂ ಎನ್ನುತ್ತ ಫೋನು ಇಸಿದುಕೊಂಡವಳು ನೆಟ್ಟಗೆ ಕಿವಿಗೇ ಒತ್ತಿದಳು. ಅತ್ತ ಸಿರುಗುಪ್ಪದಲ್ಲಿ, ಗಂಡಿನ ತಂದೆ ಗಾದಿಲಿಂಗನ ಮನೆಯ ಗೋಡೆಯಗಲದ ಟಿ.ವಿ.ಯ ಮುಂದೆ, ಹೆಣ್ಣಿನ ಕಡೆಯ ಓಣಿಯ ಹಿರಿಯಾಕೆಯನ್ನು ಕಾಣಲು ಚಾ ಹಿಡಿದು ಕುಳಿತಿದ್ದ ಬಂಧುಬಳಗಕ್ಕೆಲ್ಲ ಒಂದು ಕಿವಿ ಕಂಡಿತು. ಎಪ್ಪತ್ತು ದಾಟಿದ ಕಿವಿ. ಮೇಲೊಂದು ಬುಗುಡಿ, ಕೆಳಗೊಂದು ಬೆಂಡೋಲೆ, ನಡುವೆ ಯಾವ ಸಂಬಂಧಕ್ಕೂ ಶೋಭೆ ತರದ ಒಂದಿಷ್ಟು ಸಾಮಗ್ರಿ.

“ಹಲೋ, ಯಾರು? ಯಾರು ಬೇಕಾಗಿತ್ತು?”

“ಅತ್ತೀ, ಮುಖಾ ತೋರಸ್ರಿ, ಮುಖಾ!” ಹುಲುಗೇಶ ಹಲ್ಲು ಕಚ್ಚಿ ಪಿಸುಗುಟ್ಟಿದ.

“ನನ್ನ ಮುಖಾ ತಗೊಂಡು ಅವ್ರೇನ ಮಾಡ್ತಾರ? ಮದುವಿ ನಂದೇನು?”

ಗಾದಿಲಿಂಗ ದೊಡ್ಡ ಮನುಷ್ಯ. ಎದುರಿಗೆ ಕಿವಿಯಿದ್ದರೂ ಮುಖವೇ ಇದೆಯೆಂಬಂತೆ ನಮಸ್ಕಾರ ಹೇಳಿ, ತಾನು ಯಾರು, ಯಾಕೆ ಫೋನು ಮಾಡಿದೆ ಎಂದು ವಿವರಿಸತೊಡಗಿದ. ವಿರೂಪಮ್ಮ ಒಂದಿಷ್ಟು ಕೇಳಿ, “ಇಡ್ತೀನಿ” ಎಂದಳು. ಇಟ್ಟೂ ಇಟ್ಟಳು. ಎಲ್ಲಿ? ಪಡಸಾಲೆಯ ಸ್ಟೂಲಿನ ಮೇಲೆ ಕ್ರೋಷಾ ಹೆಣಿಗೆಯ ಬಟ್ಟೆ ಹೊದ್ದು ಕುಳಿತಿದ್ದ ತನ್ನ ಕಪ್ಪು ಫೋನಿನ ರಿಸೀವರು ಎತ್ತಿ ಬದಿಗಿರಿಸಿ, ಅದರ ಜಾಗದಲ್ಲಿ ಹುಲುಗೇಶನ ಅಂಗಡಿಯ ಅತಿ ದುಬಾರಿ ಮೊಬೈಲನ್ನು ಜೋಪಾನವಾಗಿ ಅಡ್ಡ ಮಲಗಿಸಿದಳು. ಆಕೆಯ ಲೆಕ್ಕದಲ್ಲಿ ಅಲ್ಲಿ ಇಟ್ಟರೆ ಮಾತು ಮುಗಿಯಿತು. ಮುಗಿದ ಮೇಲೆ ಮನಸ್ಸಿನಲ್ಲಿದ್ದದ್ದನ್ನು ಆಡಲು ಅಡ್ಡಿಯೇನು?

“ಎಮ್ಮಿ ಕೊಳ್ಳೋರೂ ಕೊಟ್ಟಿಗಿ ತನಕ ಬಂದು ಹಲ್ಲ ನೋಡ್ತಾರ. ಈ ಸಿರುಗುಪ್ಪದ ಮೂಳಗಳಿಗೇನು ಬಂದೈತಿ ರೋಗ? ಹೆಣ್ಣ ನೋಡೂದೂ ಟಿ.ವಿ.ಯಾಗ, ಕೇಳೂದೂ ಟಿ.ವಿ.ಯಾಗ. ಕೂಸು ಹುಟ್ಟೂದನ್ನರ ಮನ್ಯಾಗ ಇಟ್ಕೊಂಡಾರೋ, ಅದೂ ಟಿ.ವಿ.ಯಾಗೋ?”

ಹುಲುಗೇಶ ಹಾರಿ ಫೋನಿಗೆ ಕೈಹಾಕುವಷ್ಟರಲ್ಲಿ ಅದರೊಳಗಿಂದ ಗಾದಿಲಿಂಗನ ದನಿ ಬಂತು. ಸಿಟ್ಟಿದೆಯೋ ಇಲ್ಲವೋ ತಿಳಿಯದ ದನಿ.

“ಐತವಾರ ಬರ್ತೀವ್ರಿ ಅಮ್ಮ. ಕೊಟ್ಟಿಗಿ ತನಕಾನ ಬರ್ತೀವಿ.”

ಹುಲುಗೇಶನಿಗೆ ಕುರುಗೋಡು ಬಸ್ ಸ್ಟ್ಯಾಂಡಿನ ಹತ್ತಿರ ಮೊಬೈಲ್ ಅಂಗಡಿ. ಅಂಗಡಿಯೊಳಗೆ ನೆಟ್‌ವರ್ಕ್ ಇದ್ದರೂ ನೆಟ್ಟಗೆ ವರ್ಕ್ ಆಗುವುದು ಕಡಿಮೆ. ಆದರೂ ಊರಿನ ಮಟ್ಟಿಗೆ ಅವನೇ ತಂತ್ರಜ್ಞಾನದ ಪೀಠಾಧಿಪತಿ. ಅವನ ಒಬ್ಬಳೇ ಮಗಳು ನಂದಿನಿಗೆ ಗಾದಿಲಿಂಗನ ಮಗ ಸಮ್ರಾಟ್‌ನ ಸಂಬಂಧ ಬಂದಿತ್ತು. ಹುಡುಗ ಬಳ್ಳಾರಿಯ ಜೀನ್ಸ್ ಪ್ಯಾಂಟಿನ ಕಾರ್ಖಾನೆಯಲ್ಲಿ ಸೂಪರ್‌ವೈಸರು. ನಂದಿನಿ ಅವನನ್ನು ವಿಡಿಯೊ ಕಾಲಿನಲ್ಲಿ ನೋಡಿದ ದಿನದಿಂದ ಅಡುಗೆಮನೆಯಲ್ಲಿ ಹಾಡು ಗುನುಗುತ್ತಿದ್ದಳು, ಸಾರಿಗೆ ಎರಡೆರಡು ಸಲ ಉಪ್ಪು ಹಾಕುತ್ತಿದ್ದಳು. ಎಲ್ಲ ಕೂಡಿಬಂದಿತ್ತು, ಒಂದೇ ಒಂದು ಬಾಕಿ. ಗಾದಿಲಿಂಗನ ಷರತ್ತು: “ಕುರುಗೋಡಿನ ಹೆಣ್ಣಂದ್ರ ವಿರೂಪಮ್ಮಗ ಒಂದ ಮಾತ ಕೇಳಬೇಕು. ನಮ್ಮಪ್ಪ ಸಾಯೂ ತನಕ ಅದನ್ನ ಹೇಳ್ತಿದ್ದ.”

ಆ ಒಂದು ಮಾತೇ ಹುಲುಗೇಶನ ಗಂಟಲಲ್ಲಿ ಸಿಕ್ಕಿದ ಮೀನಿನ ಮುಳ್ಳು. ಆದರೆ ಅದಕ್ಕೆ ಮೊದಲು ವಿರೂಪಮ್ಮ ಯಾರೆಂದು ತಿಳಿಯಬೇಕು.

ಓಣಿಗೊಂದು ಫೋನಿದ್ದ ಕಾಲದಲ್ಲಿ ಫೋನಿಲ್ಲದವರೆಲ್ಲ ಪಕ್ಕದ ಮನೆಯ ನಂಬರನ್ನೇ ತಮ್ಮದೆಂದು ಲಗ್ನಪತ್ರಿಕೆಗೆ ಅಚ್ಚು ಹಾಕಿಸಿ, ಬದಿಗೆ ಸಣ್ಣಗೆ ಪಿ.ಪಿ. ಎಂದು ಸೇರಿಸುತ್ತಿದ್ದರು. ಪ್ರತಿಷ್ಠೆ ನಮ್ಮದು, ಫೋನು ಪರರದು ಎಂದು ಅದರ ತಾತ್ಪರ್ಯ. ಆ ಓಣಿಯಲ್ಲಿ ಎಲ್ಲರ ಪಿ.ಪಿ.ಯೂ ವಿರೂಪಮ್ಮನ ಮನೆಯದೇ. ಕೆಲವರಿಗೆ ಪಿ.ಪಿ.ಯಿಂದಲೇ ಬಿ.ಪಿ. ಬಂದದ್ದೂ ಉಂಟು.

ಫೋನು ಬಂದದ್ದು ಅವಳಿಗಾಗಿ ಅಲ್ಲ. ಗಂಡ ಕಾಡಸಿದ್ದಪ್ಪ ಮೆಣಸಿನಕಾಯಿ ದಲಾಲಿ. ಬಳ್ಳಾರಿಯ ಧಾರಣೆ ತಿಳಿಯಲೆಂದು ಕರಿ ಮೀಸೆಯಲ್ಲಿ ಅರ್ಜಿ ಹಾಕಿದ್ದ. ಫೋನು ಬರುವ ಹೊತ್ತಿಗೆ ಮೀಸೆ ಬೆಳ್ಳಗಾಗಿತ್ತು. ಮಾತಿನ ವಿಷಯದಲ್ಲಿ ಅವನಷ್ಟು ಜಿಪುಣ ತಾಲೂಕಿನಲ್ಲಿರಲಿಲ್ಲ. ಹೂಂ, ಉಹೂಂ, ನೋಡಣ ಎಂಬ ಮೂರರಲ್ಲಿ ಸಂಸಾರ ತೂಗಿಸಿದವನು. ಅಂಥವನ ಮನೆಗೆ ಸರ್ಕಾರ ಮಾತಿನ ಯಂತ್ರ ಕೊಟ್ಟಿತು. ಬೋಳುತಲೆಗೆ ಬಾಚಣಿಗೆ ಬಹುಮಾನ ಬಂದಂತೆ.

ಊರಿಗೆ ಟೆಲಿಫೋನ್ ಎಕ್ಸ್‌ಚೇಂಜ್ ಬಂದಾಗ ಶಾಲೆಯ ಬಯಲಿನಲ್ಲಿ ಪೆಂಡಾಲು ಹಾಕಿ ಸಮಾರಂಭ ಮಾಡಿದ್ದರು. ಬಳ್ಳಾರಿಯಿಂದ ಟೈ ಕಟ್ಟಿಕೊಂಡು ಬಂದಿದ್ದ ಸಾಹೇಬರೊಬ್ಬರು ಬಣ್ಣದ ದೊಡ್ಡ ಚಿತ್ರವೊಂದನ್ನು ತೂಗುಹಾಕಿದರು. ಮೇಲೆ ‘ಕ್ರಿ.ಶ. ಎರಡು ಸಾವಿರ’ ಎಂದು ಬರೆದಿತ್ತು. ಕೆಳಗೆ ಒಬ್ಬ ತನ್ನ ಕೈಗಡಿಯಾರದಲ್ಲಿ ಹೆಂಡತಿಯ ಮುಖ ನೋಡಿ ನಗುತ್ತಿದ್ದ. ಕೈಗಡಿಯಾರಕ್ಕೆ ಸುರುಳಿ ವೈರು, ವೈರಿನ ತುದಿಗೆ ಕಂಬ. ಹೆಂಡತಿ ಅಡುಗೆಮನೆಯಲ್ಲಿ ಗೋಡೆಯನ್ನು ಏನೋ ಕೇಳುತ್ತಿದ್ದಳು, ಗೋಡೆ ಉತ್ತರ ಕೊಡುತ್ತಿತ್ತು. ಮುಂದೆ ಫೋನಿನಲ್ಲಿ ಮುಖ ಕಾಣುತ್ತದೆ, ಮುಖ ಕಂಡ ಮೇಲೆ ಸುಳ್ಳು ಹೇಳುವವರೇ ಇರುವುದಿಲ್ಲ, ದೂರವೇ ಇಲ್ಲದ ಮೇಲೆ ಜಗಳವೆಲ್ಲಿ ಎಂದು ಸಾಹೇಬರು ಭವಿಷ್ಯ ನುಡಿದರು. ಕಡೆಗೆ, ಯಾರಿಗಾದರೂ ಸಂಶಯವಿದ್ದರೆ ಕೇಳಬಹುದು ಎಂಬ ತಪ್ಪು ಮಾಡಿದರು.

ಹೆಣ್ಣುಮಕ್ಕಳ ಸಾಲಿನಿಂದ ವಿರೂಪಮ್ಮ ಎದ್ದಳು.

“ಮುಖಾ ಕಾಣಸ್ತಂದ್ರ, ಫೋನ್ ಬಂದಾಗೆಲ್ಲಾ ತಲಿ ಬಾಚಬೇಕೇನ್ರಿ ಸಾಹೇಬ್ರ?”

ಪೆಂಡಾಲು ಹೋ ಎಂದಿತು. ಅವಳು ಕೂಡಲಿಲ್ಲ.

“ಮುಖಾ ನೋಡಿದ್ರ ಸುಳ್ಳು ನಿಲ್ತಾವಂದ್ರ, ಒಂದ ತಾಟಿನ ಮುಂದ ಕುಂತು ಉಣ್ಣೋ ಗಂಡಾ ಹೆಂಡ್ತಿ ಯಾಕ ಸುಳ್ಳು ಹೇಳ್ತಾರ್ರಿ? ಮತ್ತ ಆ ಗೋಡಿ ಜೋಡಿ ಮಾತಾಡೂದು ಹೊಸಾದೇನ ಅಲ್ಲ. ನಾ ಮದುವ್ಯಾಗಿ ಬಂದಾಗಿಂದ ಅದನ್ನ ಮಾಡಾಕತ್ತೀನಿ.”

ಗಂಡಸರ ಸಾಲಿನಲ್ಲಿದ್ದ ಕಾಡಸಿದ್ದಪ್ಪ “ಹೂಂ” ಎಂದ. ಸಭೆ ಮುಗಿಯಿತು.

ಎರಡು ವರ್ಷಕ್ಕೆ ಕಾಡಸಿದ್ದಪ್ಪ ತೀರಿಕೊಂಡ. ಸಾವಿನ ಸುದ್ದಿಯನ್ನು ನೆಂಟರಿಗೆಲ್ಲ ವಿರೂಪಮ್ಮನೇ ಫೋನಿನಲ್ಲಿ ತಿಳಿಸಿದಳು. ಆ ಫೋನು ಅವನಿಗೆ ಅತಿ ಹೆಚ್ಚು ಉಪಯೋಗಕ್ಕೆ ಬಂದ ದಿನ ಅದೇ. ಆಮೇಲೆ ಎಲ್ಲರೂ ಫೋನು ತೆಗೆಸು ಎಂದರು. ಅವಳು ತೆಗೆಸಲಿಲ್ಲ. ಡಯಲಿನ ತೂತಿಗೆ ಹಿತ್ತಾಳೆಯ ಪುಟ್ಟ ಬೀಗ ಹಾಕಿ, ಕೀಲಿಯನ್ನು ಮಾಂಗಲ್ಯದ ಸರ ಇದ್ದ ಜಾಗದಲ್ಲಿ ಕಟ್ಟಿಕೊಂಡಳು. ಅಲ್ಲಿಂದ ಶುರುವಾಯಿತು ಆಕೆಯ ಆಡಳಿತ.

ಫೋನು ಬಂದರೆ ಅವಳು ಕಟ್ಟೆಯ ಮೇಲೆ ನಿಂತು ಕೂಗುತ್ತಿದ್ದಳು. ಬರೀ ಹೆಸರಲ್ಲ, ಸುದ್ದಿಯ ಸಾರಾಂಶ ಮತ್ತು ಅದರ ಮೇಲೆ ತನ್ನ ಟಿಪ್ಪಣಿ. “ಲೇ ಸುಂಕಣ್ಣಾ, ನಿಮ್ಮ ಮಾವ ಜಾರಿ ಬಿದ್ದಾನಂತ. ಸತ್ತಿಲ್ಲ, ಸಾವಕಾಶ ಬಾ.” “ಮಂಜಮ್ಮಾ, ನಿನ್ನ ತಮ್ಮ ಪಾಸ್ ಆಗ್ಯಾನಂತ. ಖರೇನೋ ಸುಳ್ಳೋ ಬಂದು ನೀನ ಕೇಳ್ಕೋ.” ದೂರವಾಣಿ ಎಂಬ ಹೆಸರನ್ನು ಎಕ್ಸ್‌ಚೇಂಜಿಗಿಂತ ಅವಳ ಗಂಟಲೇ ಸಾರ್ಥಕಗೊಳಿಸಿತ್ತು.

ಬಂದವರು ಏನು ಕಡಿಮೆಯೇ? ಮಾತಾಡುವ ಊರು ಎಷ್ಟು ದೂರವೋ ದನಿ ಅಷ್ಟು ಏರಬೇಕೆಂದು ಓಣಿಯವರು ತಮ್ಮಷ್ಟಕ್ಕೆ ತಾವೇ ತೀರ್ಮಾನಿಸಿದ್ದರು. ಬಳ್ಳಾರಿಗೆ ಒಂದು ದನಿ. ಸಿರುಗುಪ್ಪಕ್ಕೆ ಅದಕ್ಕಿಂತ ಒಂದು ಮೆಟ್ಟಿಲು ಮೇಲೆ. ಬೊಂಬಾಯಿಯಿಂದ ಫೋನು ಬಂದರೆ ಮಾಳಿಗೆಯ ಪಾರಿವಾಳಗಳು ಎದ್ದುಹೋಗುತ್ತಿದ್ದವು. ಗುಟ್ಟಿನ ಮಾತಾಗಿದ್ದರೆ ಮಾತ್ರ ವಿರೂಪಮ್ಮನನ್ನು ಹೊರಗೆ ಕಳಿಸಿ ಬಾಗಿಲು ಹಾಕಿಕೊಳ್ಳುತ್ತಿದ್ದರು. ಅವಳು ಕಟ್ಟೆಯ ಮೇಲೆ ಕೂತು ಎಲೆಗೆ ಸುಣ್ಣ ಸವರುತ್ತಿದ್ದಳು. ಮುಗಿಸಿ ಹೊರಬಂದವರನ್ನು ಒಂದು ಸಲ ಅಡಿಯಿಂದ ಮುಡಿಯವರೆಗೆ ನೋಡುತ್ತಿದ್ದಳು. ಏನೂ ಕೇಳುತ್ತಿರಲಿಲ್ಲ. ಆ ನೋಟಕ್ಕೆ ಹೆದರಿಯೇ ಅವಳ ಮನೆಗೆ ಮೊದಲ ಬೆಳೆಯ ಶೇಂಗಾ, ಹಬ್ಬದ ಹೋಳಿಗೆ, ಮದುವೆಯಲ್ಲಿ ಮುಂದಿನ ಸಾಲಿನ ಕುರ್ಚಿ ತಪ್ಪದೆ ಸಂದವು. ಮೂವತ್ತು ವರ್ಷ ಯಾರ ಮಾತನ್ನೂ ಯಾರ ಮುಂದೆಯೂ ಆಡದ ಹೆಂಗಸು ಎಂದು ಹೆಸರೂ ಬಂತು.

ಆ ಹೆಸರಿನಿಂದಲೇ ಇನ್ನೊಂದು ಪದ್ಧತಿ ಬೆಳೆಯಿತು. ಕುರುಗೋಡಿನಿಂದ ಹೆಣ್ಣು ತರುವವರು, ಅಲ್ಲಿಗೆ ಕೊಡುವವರು, ಹಳೆಯ ಲಗ್ನಪತ್ರಿಕೆಯಲ್ಲಿದ್ದ ಪಿ.ಪಿ. ನಂಬರಿಗೆ ಗುಟ್ಟಾಗಿ ಫೋನು ಮಾಡಿ “ಆ ಮನಿ ಹ್ಯಾಂಗ್ರಿ ಅಮ್ಮ?” ಎನ್ನುತ್ತಿದ್ದರು. ಉತ್ತರ ತಂತಿ ಸುದ್ದಿಯ ಹಾಗೆ. “ಕೊಡ್ರಿ.” “ಕೊಡಬ್ಯಾಡ್ರಿ.” “ಹುಡುಗ ಚೊಲೋ, ಅವರವ್ವ ಬೆಂಕಿ. ಬ್ಯಾರೆ ಮನಿ ಮಾಡಿದ್ರ ಕೊಡ್ರಿ.” ಗಾದಿಲಿಂಗನ ತಂಗಿಗೆ ಇದೇ ಊರಿನ ಒಂದು ದೊಡ್ಡ ಮನೆಯಿಂದ ಸಂಬಂಧ ಬಂದಾಗ ಅವನ ಅಪ್ಪನಿಗೆ ಸಿಕ್ಕ ಉತ್ತರ: “ಹಗಲು ನೋಡಿದ್ರ ಕೊಡ್ತೀರಿ, ಸಂಜಿಗೆ ನೋಡಿದ್ರ ಕೊಡಂಗಿಲ್ಲ.” ಸಂಜೆ ಬಂದು ನೋಡಿದರು. ವರ ಚರಂಡಿಯಲ್ಲಿ ಮಲಗಿದ್ದ.

ಇನ್ನು ಹುಲುಗೇಶನ ಮುಳ್ಳು.

ಇಪ್ಪತ್ತನಾಲ್ಕರ ಹುಲುಗೇಶನಿಗೆ ರೂಪನಗುಡಿಯ ವಿಜಯಲಕ್ಷ್ಮಿಯನ್ನು ಗೊತ್ತುಮಾಡಿದ್ದರು. ಅವನ ಮನಸ್ಸಿನಲ್ಲಿ ಸಿನಿಮಾ ಪೋಸ್ಟರಿನವಳೊಬ್ಬಳಿದ್ದಳು. ಆಗ ಹಚ್ಚೊಳ್ಳಿಗೆ ಮದುವೆಯಾಗಿ ಹೋಗಿದ್ದ ಅಕ್ಕ ದುರುಗಮ್ಮ ಸಿರುಗುಪ್ಪದ ಬೂತಿನಿಂದ ಫೋನು ಮಾಡಿದಳು. ಹುಲುಗೇಶ ವಿರೂಪಮ್ಮನನ್ನು ಹೊರಗೆ ಕಳಿಸಿ, ಬಾಗಿಲು ಹಾಕಿ, ಕಿಟಕಿಯನ್ನೂ ಮುಚ್ಚಿ, ಸಿರುಗುಪ್ಪದ ಅಳತೆಗೆ ತಕ್ಕ ದನಿಯಲ್ಲಿ ಅತ್ತ.

“ನನಗ ಬ್ಯಾಡ ಅಕ್ಕಾ ಆಕಿ! ರೂಪ ಎಲ್ಲಾ ಊರ ಹೆಸರಿನ್ಯಾಗ ಉಳದೈತಿ! ಆಕಿ ನಕ್ಕರ ಕುದುರಿ ಕೆನದಂಗ ಐತಿ! ಒತ್ತಾಯ ಮಾಡಿದ್ರ ಕಾಲುವಿಗೆ ಹಾರ್ತೀನಿ!”

ಹಾರಲಿಲ್ಲ. ಮದುವೆಯಾದ. ವಿಜಯಲಕ್ಷ್ಮಿ ಅಂಗಡಿಯನ್ನೂ ಅವನನ್ನೂ ನಿಲ್ಲಿಸಿದಳು. ಹುಲುಗೇಶ ವರ್ಷ ಕಳೆದಂತೆ ತನ್ನ ಪ್ರೇಮಕಥೆಗೆ ಬಣ್ಣ ಬಳಿದ: “ಒಂದ ಸಲ ನೋಡ್ದೆ, ಮದುವ್ಯಾದ್ರ ಈಕೀನ ಅಂದೆ.” ಈ ಮಾತನ್ನು ಗಾದಿಲಿಂಗನ ಮನೆಯಲ್ಲೂ ಆಡಿ, ಬೀಗರ ಮುಂದೆ ಮಾದರಿ ಗಂಡನ ಪಟ್ಟ ಗಿಟ್ಟಿಸಿದ್ದ. ಅವನು ಅದನ್ನು ಹೇಳುವಾಗೆಲ್ಲ ವಿಜಯಲಕ್ಷ್ಮಿ ಕೆಮ್ಮುತ್ತ ಒಳಗೆ ಹೋಗುತ್ತಿದ್ದಳು. ನಾಚಿಕೆ ಎಂದು ಅವನು ತಿಳಿದಿದ್ದ.

ನಿಜ ಗೊತ್ತಿರುವುದು ಜಗತ್ತಿನಲ್ಲಿ ಇಬ್ಬರಿಗೆ. ಅಕ್ಕ ಪರವಾಗಿಲ್ಲ, ಅಕ್ಕ. ಇನ್ನೊಬ್ಬಳು ಅಂದು ಬಾಗಿಲ ಹೊರಗೆ ಕೂತು ಸುಣ್ಣ ಸವರುತ್ತಿದ್ದವಳು. ಆಕೆ ಒಂದು ಮಾತು ಬಾಯಿ ಬಿಟ್ಟರೆ ಹೆಂಡತಿಯ ಮುಂದೆ ಮುಖವಿಲ್ಲ, ಬೀಗರ ಮುಂದೆ ಮಾನವಿಲ್ಲ, ಮಗಳ ಮದುವೆಯಿಲ್ಲ.

ಆಕೆ ಬಾಯಿ ಬಿಡಲು ಕಾರಣವನ್ನೂ ಅವನೇ ಒದಗಿಸಿದ್ದ. ಎರಡು ವರ್ಷದ ಹಿಂದೆ ಚರಂಡಿ ಅಗೆಯುವಾಗ ಅವಳ ಫೋನಿನ ವೈರು ಕತ್ತರಿಸಿಹೋಯಿತು. ಅವಳು ಫೋನನ್ನು ಕಂಕುಳಲ್ಲಿ ಅವುಚಿಕೊಂಡು ಅವನ ಅಂಗಡಿಗೆ ಬಂದಾಗ ಅವನು ಗಿರಾಕಿಗಳ ಎದುರಿಗೆ, “ಗುಜರಿಗೆ ಹಾಕ್ರಿ ಅತ್ತಿ. ಇದು ಈಗ ಯಾರದರ ತಲಿಗೆ ಹೊಡ್ಯಾಕಷ್ಟ ಕೆಲಸಕ್ಕ ಬರ್ತೈತಿ” ಎಂದು ನಕ್ಕಿದ್ದ. ಅವಳು ಅಡಿಯಿಂದ ಮುಡಿಯವರೆಗೆ ನೋಡಿ ಹೋಗಿದ್ದಳು.

ಕಿವಿಯ ಪ್ರಕರಣದ ಮರುದಿನವೇ ಹುಲುಗೇಶ ಬಿಸಿ ಮಿರ್ಚಿ, ಒಗ್ಗರಣೆ ಹಾಕಿದ ಮಂಡಕ್ಕಿ, ಜೊತೆಗೆ ಡಬ್ಬಿ ಒಡೆಯದ ಹೊಸ ಮೊಬೈಲು ಹಿಡಿದು ಅವಳ ಕಟ್ಟೆ ಹತ್ತಿದ.

“ನಿಮಗಂತ ತಂದೀನ್ರಿ ಅತ್ತಿ. ಇದರಾಗ ಏನ ಕೇಳಿದ್ರೂ ಉತ್ತರ ಕೊಡ್ತೈತಿ. ಕೇಳ್ರಿ, ಏನರ ಕೇಳ್ರಿ.”

ವಿರೂಪಮ್ಮ ಮಿರ್ಚಿಯ ತೊಟ್ಟು ಕಿತ್ತು ಬಿಸಾಕಿ, ಮೊಬೈಲಿನ ಕಡೆ ಬಾಗಿದಳು.

“ಏ, ಈ ಹುಲುಗ್ಯಾ ಯಾಕ ಬಂದಾನ?”

ಮೊಬೈಲು ಯೋಚಿಸಿತು. “ಕ್ಷಮಿಸಿ, ನನಗೆ ಅರ್ಥವಾಗಲಿಲ್ಲ,” ಎಂದಿತು, ಊರಿನಲ್ಲಿ ಯಾರೂ ಆಡದ ಕನ್ನಡದಲ್ಲಿ.

“ನನಗ ಅರ್ಥ ಆಗೇತಿ,” ಎಂದಳು ವಿರೂಪಮ್ಮ. “ಆ ಟೈ ಸಾಹೇಬ ತೋರಿಸಿದ್ದ ಗೋಡಿ ಇದನ ಏನು? ನನ್ನ ಗಂಡನರ ಹೂಂ ಅಂತಿದ್ದ. ತಗೊಂಡ ಹೋಗು ಇದನ್ನ. ಮಿರ್ಚಿ ಇರ್ಲಿ.”

“ಅತ್ತೀ, ಅವತ್ತ ನಾ ಸಣ್ಣಾಂವ ಇದ್ದೆ...”

“ಯಾವತ್ತ?”

ಹುಲುಗೇಶ ಅವಳ ಮುಖ ನೋಡಿದ. ಗೊತ್ತಿಲ್ಲವೋ, ಆಟವಾಡಿಸುತ್ತಿದ್ದಾಳೋ? ಅವಳು ಮಿರ್ಚಿ ಅಗಿಯುತ್ತ ಅವನ ಕಾಲ ಹೆಬ್ಬೆರಳಿನಿಂದ ನೋಡತೊಡಗಿದ್ದಳು. ನೋಟ ಮಂಡಿಗೆ ಬರುವಷ್ಟರಲ್ಲಿ ಅವನು ಕಟ್ಟೆ ಇಳಿದಿದ್ದ.

ಭಾನುವಾರ ಗಾದಿಲಿಂಗ, ಅವನ ಹೆಂಡತಿ ಊರಮ್ಮ, ಸಮ್ರಾಟ್ ಮೂವರೂ ಬಂದರು. ಹುಲುಗೇಶನ ಮನೆಯಲ್ಲಿ ನೀರು ಮಾತ್ರ ಕುಡಿದು ನೇರ ವಿರೂಪಮ್ಮನ ಪಡಸಾಲೆಗೆ ನಡೆದರು. ಹುಲುಗೇಶ ವಿಜಯಲಕ್ಷ್ಮಿಯನ್ನು ಮನೆಯಲ್ಲೇ ಬಿಡಲು ನೋಡಿದ. ಅವಳು ಸೆರಗು ಸರಿಮಾಡಿಕೊಂಡು ಎಲ್ಲರಿಗಿಂತ ಮುಂದೆ ಹೊರಟಳು. ನಂದಿನಿ ಬಾಗಿಲ ಸಂದಿಯಲ್ಲಿ ನಿಂತು ಅಪ್ಪನ ಮುಖವನ್ನೇ ನೋಡಿದಳು. ಅವಳ ಬಾಯಲ್ಲಿ ಹಾಡಿನ ಗುನುಗು ಇರಲಿಲ್ಲ.

ವಿರೂಪಮ್ಮ ಮೊದಲು ಹುಡುಗನನ್ನು ವಿಚಾರಣೆಗೆ ತೆಗೆದುಕೊಂಡಳು. ಅವನ ಪ್ಯಾಂಟು ಎರಡೂ ಮಂಡಿಯಲ್ಲಿ ಫ್ಯಾಷನ್ನಿಗಾಗಿ ಹರಿದಿತ್ತು.

“ಏನ ಕೆಲಸ ಮಾಡ್ತೀಯಪಾ?”

“ಬಳ್ಳಾರ್ಯಾಗ ಪ್ಯಾಂಟ್ ಫ್ಯಾಕ್ಟರಿ ಸೂಪರ್‌ವೈಸರ್ ಅದೀನ್ರಿ ಅಜ್ಜಿ.”

“ಹಂಗಾದ್ರ ಹೊಲಿಯೋರು ಯಾರೂ ಸಿಗಲಿಲ್ಲೇನು ನಿನಗ?”

ಊರಮ್ಮ ಬಾಯಿಗೆ ಸೆರಗು ಹಿಡಿದು ನಕ್ಕಳು. ಗಾದಿಲಿಂಗ ಗಂಟಲು ಸರಿಮಾಡಿಕೊಂಡ.

“ಅಮ್ಮ, ಅವತ್ತ ಟಿ.ವಿ.ಯಾಗ ನೀವು ಅಂದದ್ದು ಖರೇನ ಐತಿ. ಅದಕ್ಕ ಬಂದೀವಿ. ಈಗ ಹೇಳ್ರಿ. ಈ ಮನಿ ಹ್ಯಾಂಗ್ರಿ?”

ಹುಲುಗೇಶನಿಗೆ ಸ್ಟೂಲಿನ ಮೇಲಿನ ಕಪ್ಪು ಫೋನು ತನ್ನನ್ನೇ ನೋಡುತ್ತಿದ್ದಂತೆ ಅನಿಸಿತು. ಅವನು ಗುಜರಿಗೆ ಹಾಕು ಎಂದಿದ್ದ ಅದೇ ಫೋನು. ಅದರ ಡಯಲಿನಲ್ಲಿ ಬೀಗ ಇನ್ನೂ ಇತ್ತು. ಬೀಗ ಹಾಕಬೇಕಾದ ಬಾಯಿ ತೆರೆಯುತ್ತಿತ್ತು.

“ಹುಡುಗಿ ಬಂಗಾರ,” ಎಂದಳು ವಿರೂಪಮ್ಮ. “ಅವರವ್ವ ಹುಡುಗೀಕಿಂತ ಬಂಗಾರ.”

“ಮತ್ತ ಹುಲುಗೇಶಪ್ಪ?”

ನೋಟ ಶುರುವಾಯಿತು. ಹೆಬ್ಬೆರಳು, ಮಂಡಿ, ಹೊಟ್ಟೆ, ಬೆವರಿದ ಹಣೆ. ಹುಲುಗೇಶ ಮನಸ್ಸಿನಲ್ಲೇ ಬಸವೇಶ್ವರ ಗುಡಿಗೆ ಎಣ್ಣೆ, ಕಾಯಿ, ಬೆಳ್ಳಿಯ ಬಸವಣ್ಣ ಎಂದು ಹರಕೆ ಏರಿಸುತ್ತ ಹೋದ.

“ಮೂರ್ಖ,” ಎಂದಳು. “ಖರೇ, ಅದು ಹುಡುಗೀಗೆ ಇಳದಿಲ್ಲ. ತಗೋರಿ.”

ಗಾದಿಲಿಂಗ ಎದ್ದು ಕೈಮುಗಿದ. ವಿಜಯಲಕ್ಷ್ಮಿ ಯಾರನ್ನೋ ಸಕ್ಕರೆ ತರಲು ಕಳಿಸಿದಳು. ಹುಲುಗೇಶ ಗೋಡೆಗೆ ಒರಗಿ ಮೊದಲ ಬಾರಿ ಉಸಿರು ಬಿಟ್ಟ. ಹರಕೆಯನ್ನು ಬೆಳ್ಳಿಯಿಂದ ಕಾಯಿಗೆ ಇಳಿಸಿದ. ಮೂರ್ಖ ಎನಿಸಿಕೊಂಡದ್ದು ಅವನಿಗೆ ಪ್ರಶಸ್ತಿಯಂತೆ ಕೇಳಿತು. ಇಷ್ಟೆಲ್ಲ ತಿಳಿದೂ, ಅವಮಾನ ಮಾಡಿಸಿಕೊಂಡೂ, ಬಾಯಿ ಬಿಡದ ಮಹಾತಾಯಿ! ಅವಳ ಕಾಲಿಗೆ ಬೀಳಬೇಕೆಂದು ನಾಲ್ಕು ಹೆಜ್ಜೆ ಮುಂದೆ ಬಂದ. ಅಷ್ಟರಲ್ಲಿ ಗಾದಿಲಿಂಗ ಕಣ್ಣು ತುಂಬಿಕೊಂಡು ಕೇಳಿಬಿಟ್ಟ.

“ಒಂದ ಮಾತು ಕೇಳಬೇಕಂತ ಭಾಳ ದಿನದ ಆಸೆ ಐತ್ರಿ ಅಮ್ಮ. ಮೂವತ್ತು ವರ್ಷ ಇಡೀ ಓಣಿ ಈ ಫೋನಿನಾಗ ಅತ್ತೈತಿ, ನಕ್ಕೈತಿ, ಜಗಳಾಡೇತಿ. ಬಾಗಿಲ ಹೊರಗ ನೀವು. ಅಷ್ಟ ಮಂದಿ ಗುಟ್ಟು ಹೊಟ್ಟ್ಯಾಗ ಇಟ್ಕೊಂಡು, ಯಾರ ಮುಂದೂ ಒಂದ ಮಾತ ಆಡಲಿಲ್ಲಲ್ರಿ ನೀವು. ಅದು ಹ್ಯಾಂಗ ಸಾಧ್ಯ ಆತ್ರಿ?”

ವಿರೂಪಮ್ಮ ಎಲೆಗೆ ಸುಣ್ಣ ಸವರುವುದನ್ನು ನಿಲ್ಲಿಸಿ, ಇವನೂ ಬೀಗನಿಗೆ ತಕ್ಕ ಬೀಗನೇ ಎಂಬಂತೆ ಗಾದಿಲಿಂಗನನ್ನು ನೋಡಿದಳು.

“ಎಲ್ಲಿದು ಗುಟ್ಟು? ಬಾಗಲಾ ಹಾಕ್ಕೊಂಡು ಒದರತಿದ್ರು, ಬಸವಣ್ಣನ ಗುಡಿ ತನಕ ಕೇಳಸ್ತಿತ್ತು. ಈ ಹುಲುಗ್ಯಾ ಅತ್ತಾಗಂತೂ ಬಸ್ ಸ್ಟ್ಯಾಂಡಿನ ಮಂದಿ ಎದ್ದು ಬಂದಿದ್ರು. ಕೇಳದಾಕಿ ಅಂದ್ರ ಈ ವಿಜಯಲಕ್ಷ್ಮಿ ಒಬ್ಬಾಕಿ ಇದ್ಲು. ಆಕಿಗೂ ಸೇರು ಒದ್ದು ಒಳಗ ಬಂದ ದಿನ ಸಂಜಿಗೇ ನೀರಿಗೆ ಬಂದ ಹೆಣ್ಮಕ್ಕಳು ಹೇಳಿ ಮುಗಿಸಿದ್ರು. ಇನ್ನ ನಾ ಯಾರಿಗೆ ಹೇಳ್ಲಿ?”